ತಮ್ಮನ ಬಾಯಿ, ಅಕ್ಕನ ಮಾತು

ಚಳಿ ಹಿಂದೆ ಸರಿದು ಬಿಸಿಲು ಚುರುಕಾಗುತ್ತಿದ್ದ ದಿನಗಳು. ಸಂಜೆ ನಾಲ್ಕರ ಹೊತ್ತು, ನಲ್ಲಿಯಲ್ಲಿ ನೀರು ಬಿಡುವ ಸಮಯ. ನಾನು ಅಡುಗೆಮನೆಯಲ್ಲಿ ಬಕೆಟ್ ತುಂಬಿಸುತ್ತಿದ್ದೆ. ಮೊಮ್ಮಗಳು ಬಾಗಿಲು ದೂಡಿಕೊಂಡು ಒಳಗೆ ಬಂದಳು, ಹಿಂದೆಯೇ ಅವಳ ತಮ್ಮ. ಅವಳು ಚಪ್ಪಲಿಯನ್ನು ದಿಕ್ಕಿಗೊಂದರಂತೆ ಬಿಟ್ಟಳು. ಅವನು ತನ್ನ ಬೂಟು ಬಿಚ್ಚಿ ಗೋಡೆ ಪಕ್ಕ ಜೋಡಿಸಿದ. ಆಮೇಲೆ ಅವಳ ಚಪ್ಪಲಿಯನ್ನೂ ತಂದು ಜೋಡಿಸಿದ.

“ಏನಾಯ್ತೇ, ಮುಖ ಹೀಗೆ ಊದಿಸ್ಕೊಂಡು ಬಂದಿದೀಯ?” ಎಂದೆ.

“ನನಗೇನಾಗುತ್ತೆ ಅಜ್ಜಿ? ಆಗಿರೋದು ನಿನ್ನ ಮೊಮ್ಮಗನಿಗೆ. ಧಾರಾವಾಹಿಗೆ ಆರಿಸ್ಕೊಂಡಿದಾರೆ.”

“ಯಾರನ್ನ?”

“ನನ್ನ,” ಎಂದ ಅವನು. “ಬಕೆಟ್ ತುಂಬ್ತು ಅಜ್ಜಿ. ನಲ್ಲಿ ನಿಲ್ಲಿಸು.”

ಮನೆಯಲ್ಲಿ ನಾವು ಐದು ಜನ. ನನ್ನ ಮಗ ಶಾಲೆಯ ಬಸ್ಸು ಓಡಿಸುತ್ತಾನೆ. ಸೊಸೆ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಜನರ ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು ಮಾಡುತ್ತಾಳೆ. ಮೊಮ್ಮಗಳದು ಡಬ್ಬಿಂಗ್ ಕೆಲಸ. ಪರದೆಯ ಮೇಲೆ ಯಾರೋ ತುಟಿ ಆಡಿಸುತ್ತಾರೆ, ಇವಳು ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಆ ತುಟಿಗೆ ಸರಿಯಾಗಿ ಮಾತು ಕೂರಿಸುತ್ತಾಳೆ. ಚಿಕ್ಕ ಹುಡುಗರ ದನಿ, ಹೆಂಗಸರ ದನಿ, ಒಮ್ಮೊಮ್ಮೆ ಮುದುಕಿಯರ ದನಿ. ಮುದುಕಿಯ ಕೆಮ್ಮು ಬೇಕಾದಾಗ ನನ್ನದನ್ನೇ ಕದಿಯುತ್ತಾಳೆ. ಹದಿನೆಂಟು ತುಂಬಿದಾಗಿನಿಂದ ಅದೇ ಕೆಲಸ. ಅವಳ ದನಿ ಕೇಳದ ಮನೆಯಿಲ್ಲ, ಅವಳ ಮುಖ ಕಂಡವರಿಲ್ಲ.

ತಮ್ಮ ಅವಳಿಗಿಂತ ಎಂಟು ವರ್ಷ ಚಿಕ್ಕವನು. ಹುಟ್ಟಿದ ದಿನವೇ ವೈದ್ಯರು ಡೌನ್ ಸಿಂಡ್ರೋಮ್ ಎಂದಿದ್ದರು. ನಿಧಾನವಾಗಿ ಕಲಿಯುತ್ತಾನೆ ಎಂದೂ ಹೇಳಿದ್ದರು. ಹಾಗೇ ಆಯಿತು, ನಿಧಾನವಾಗಿ ಎಲ್ಲವನ್ನೂ ಕಲಿತ. ಊಟದ ಹೊತ್ತಿಗೆ ಕೈ ಹಿಂದೆ ಕಟ್ಟಿಕೊಂಡು ಎಲ್ಲರ ತಟ್ಟೆ ನೋಡಿಕೊಂಡು ಬಂದು, ಆಮೇಲೆ ತಾನು ಕೂರುವ ಅಭ್ಯಾಸ ಅವನದು. ಅದಕ್ಕೇ ಅವನಿಗೆ ಯಜಮಾನ ಎಂದು ಹೆಸರು ಬಿದ್ದಿತ್ತು. ಅವನ ನಾಲಿಗೆ ಸ್ವಲ್ಪ ದಪ್ಪ, ಮಾತು ಭಾರ. ಅವಸರದವರಿಗೆ ಅದು ತಿಳಿಯುವುದಿಲ್ಲ. ನಿಂತು ಕೇಳುವವರಿಗೆ ಎಲ್ಲ ತಿಳಿಯುತ್ತದೆ.

ಆ ದಿನ ಸೊಸೆಗೆ ಹೊರಗೆ ಕೆಲಸವಿತ್ತೆಂದು ಅಕ್ಕ ಅವನನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಓಣಿಯಲ್ಲಿ ಒಬ್ಬ ನಿರ್ದೇಶಕರು ಯಾರ ಮೇಲೋ ಕೂಗಾಡುತ್ತಿದ್ದರಂತೆ. ಇವನು ತನ್ನ ಪಾಲಿನ ಚಹಾವನ್ನು ಅವರ ಕೈಗಿಟ್ಟು, “ಮೊದಲು ಕುಡಿ. ಆಮೇಲೆ ಬೈ,” ಎಂದನಂತೆ. ಅವರು ನಕ್ಕು, ಅವನನ್ನು ಕ್ಯಾಮೆರಾದ ಮುಂದೆ ಕೂರಿಸಿ, ನಾಯಕನ ತಮ್ಮನ ಪಾತ್ರ ಇವನಿಗೇ ಎಂದುಬಿಟ್ಟರಂತೆ.

ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಸಂತೋಷದಲ್ಲಿ ಅನ್ನ ಇಳಿಯಲಿಲ್ಲ. “ನಮ್ಮ ಯಜಮಾನ್ರು ನಟರಾದ್ರಲ್ಲೋ!” ಎಂದು ಅವನ ಬೆನ್ನು ತಟ್ಟಿದ.

“ಒಂದು ಕಪ್ ಚಹಾ ಕೊಟ್ಟಿದ್ದಕ್ಕೆ,” ಎಂದಳು ಮೊಮ್ಮಗಳು. “ನಾನು ಅದೇ ಸ್ಟುಡಿಯೋದಲ್ಲಿ ಎಷ್ಟು ಜನಕ್ಕೆ ಚಹಾ ಕೊಟ್ಟಿದೀನೋ.”

“ನೀನು ಕೊಟ್ಟಾಗ ಸಕ್ಕರೆ ಕಡಿಮೆ ಇತ್ತೇನೋ,” ಎಂದಳು ಸೊಸೆ.

ಎಲ್ಲರೂ ನಕ್ಕೆವು. ಮೊಮ್ಮಗಳೂ ನಕ್ಕಳು. ಆದರೆ ತಟ್ಟೆ ತೊಳೆಯುವಾಗ ಒಂದು ಲೋಟ ಒಡೆಯಿತು.

ನಮ್ಮ ಮನೆಯಲ್ಲಿ ಅವಳ ಗಂಟಲಿಗೆ ಹಾಲು ಕರೆಯುವ ಹಸುವಿಗಿರುವ ಮರ್ಯಾದೆ ಇತ್ತು. ಅವಳು ಮನೆಯಲ್ಲಿದ್ದರೆ ಒಗ್ಗರಣೆಗೆ ಮೆಣಸಿನಕಾಯಿ ಹಾಕುತ್ತಿರಲಿಲ್ಲ. ಫ್ಯಾನು ಜೋರಾಗಿ ತಿರುಗಿಸುತ್ತಿರಲಿಲ್ಲ. ಬೆಳಿಗ್ಗೆ ಮೊದಲ ಬಿಸಿನೀರು ಅವಳದು, ಇರುವ ಒಂದು ಮೊಟ್ಟೆ ಅವಳದು, ಬಾಯಿ ಮುಕ್ಕಳಿಸಲು ಉಪ್ಪುನೀರಿನ ಲೋಟ ಒಲೆಯ ಪಕ್ಕ ಸದಾ ತಯಾರು. ಆ ಗಂಟಲಿನಿಂದಲೇ ತಾರಸಿಯ ಸೋರಿಕೆ ನಿಂತದ್ದು, ಅವರಪ್ಪನ ಕಣ್ಣಿನ ಪೊರೆ ತೆಗೆಸಿದ್ದು. ಇದನ್ನೆಲ್ಲ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗೊತ್ತಿತ್ತು, ಅಷ್ಟೆ.

ಈಗ ಶೂಟಿಂಗಿನ ಗಾಡಿ ಬೆಳಗಾಗುವ ಮೊದಲೇ ಬಂದು ಹಾರ್ನ್ ಹೊಡೆಯತೊಡಗಿತು. ಮೊದಲ ಬಿಸಿನೀರು ಯಜಮಾನನದಾಯಿತು. ಅವನಿಗೆ ಕರಿದ ಆಲೂಗಡ್ಡೆ ಇಷ್ಟವೆಂದು ಸೊಸೆ ಏಳುತ್ತಲೇ ಎಣ್ಣೆ ಕಾಯಿಸುವಳು.

“ಅಮ್ಮ, ಹೊಗೆ! ನನಗಿವತ್ತು ರೆಕಾರ್ಡಿಂಗ್ ಇದೆ!” ಎಂದು ಮೊಮ್ಮಗಳು ಒಳಗಿನಿಂದ ಕೂಗುವಳು.

“ಕಿಟಕಿ ತೆಗಿ, ಹೋಗುತ್ತೆ.”

“ಇಷ್ಟು ವರ್ಷ ಕಿಟಕಿ ಇರಲಿಲ್ವಾ ಈ ಮನೆಗೆ?”

“ಇಷ್ಟು ವರ್ಷ ಅವನು ಕೆಲಸಕ್ಕೆ ಹೋಗ್ತಿರಲಿಲ್ಲ ಕಣೇ. ಹೊಟ್ಟೆ ತುಂಬ ತಿಂದು ಹೋಗ್ಲಿ.”

ಮೊಟ್ಟೆಯನ್ನು ಅವನ ತಟ್ಟೆಗೆ ಹಾಕಿದರು. ಅವನು ಅದನ್ನು ಚಾಕುವಿನಿಂದ ಎರಡು ಹೋಳು ಮಾಡಿ ಒಂದನ್ನು ಅಕ್ಕನ ಮುಂದಿಟ್ಟ. ಅವಳು ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದಕ್ಕೆ ಇರುವೆ ಮುತ್ತಿತ್ತು.

ಸೊಸೆಯ ಹೊಟ್ಟೆಯಲ್ಲೂ ಬೇರೆಯೇ ಒಂದು ಕಿಚ್ಚು ಹೊತ್ತಿತ್ತು. ಧಾರಾವಾಹಿಯಲ್ಲಿ ತಾಯಿಯ ಪಾತ್ರ ಮಾಡುತ್ತಿದ್ದ ಹಿರಿಯ ನಟಿಯನ್ನು ಅವನು ‘ಆ ಅಮ್ಮ’ ಎನ್ನುತ್ತಿದ್ದ. ಆ ಅಮ್ಮ ಕೈತುತ್ತು ಹಾಕುವ ದೃಶ್ಯವೊಂದನ್ನು ಮತ್ತೆ ಮತ್ತೆ ತೆಗೆದು, ಅವನು ಹೊಟ್ಟೆ ಬಿರಿಯುವಂತೆ ತಿಂದು ಮನೆಗೆ ಬಂದ.

“ಆ ಅಮ್ಮನ ಅನ್ನ ಇಳೀತು, ನನ್ನ ಅನ್ನ ಇಳಿಯಲ್ವಾ?” ಎಂದು ಸೊಸೆ ಸೌಟು ಕುಕ್ಕಿದಳು.

“ಆ ಅನ್ನಕ್ಕೆ ಉಪ್ಪಿಲ್ಲ ಅಮ್ಮ. ಆದ್ರೂ ತಿನ್ಬೇಕು. ಕೆಲಸ.”

ಪುಣ್ಯಕ್ಕೆ ಆ ಧಾರಾವಾಹಿಯಲ್ಲಿ ಅಜ್ಜಿ ಇರಲಿಲ್ಲ. ಇದ್ದಿದ್ದರೆ ನಾನೂ ಸೌಟು ಕುಕ್ಕುತ್ತಿದ್ದೆನೋ ಏನೋ.

ಒಂದು ಸಂಜೆ ಮೊಮ್ಮಗಳು ಬ್ಯಾಗು ಕೆಳಗಿಡುವ ಮೊದಲೇ ಹೇಳಿದಳು, “ಅವನ ಮಾತು ಹೊರಗಿನವರಿಗೆ ಅರ್ಥ ಆಗಲ್ಲ. ಡಬ್ ಮಾಡಿಸ್ತಾರಂತೆ. ನನ್ನ ಹತ್ರಾನೇ.”

“ಒಳ್ಳೇದೇ ಆಯ್ತಲ್ಲ,” ಎಂದ ನನ್ನ ಮಗ. “ಮುಖ ನಮ್ಮ ಮನೇದು, ದನೀನೂ ನಮ್ಮ ಮನೇದು. ಹೊರಗೇನೂ ಹೋಗ್ಲಿಲ್ಲ.”

ಯಜಮಾನ ಆಗ ಬಚ್ಚಲಲ್ಲಿದ್ದ. ಬಂದ ಮೇಲಾದರೂ ಅವನಿಗೆ ಇದನ್ನು ಹೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಧಾರಾವಾಹಿ ಶುರುವಾದ ಸಂಜೆ ಅಕ್ಕಪಕ್ಕದವರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ಎದುರುಮನೆಯ ನಿವೃತ್ತ ಗುಮಾಸ್ತರು ತಮ್ಮ ಕುರ್ಚಿಯನ್ನೇ ಹೊತ್ತುಕೊಂಡು ಬಂದಿದ್ದರು. ಯಜಮಾನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಲ್ಲರಿಗೂ ನೀರು ಕೊಟ್ಟು, ಟಿವಿಯ ಮುಂದೆ ನೆಲದ ಮೇಲೆ ಕೂತ. ಅವನ ಮುಖ ಪರದೆಯ ತುಂಬ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪರದೆಯ ಮೇಲಿನ ಅವನು ಬಾಯಿ ತೆರೆದ.

ತೆಳುವಾದ, ನಯವಾದ, ಹುಡುಗನ ದನಿಯೊಂದು ಹೊರಬಂತು. “ಅಣ್ಣಾ, ನೀನು ಊಟ ಮಾಡಿದೆಯಾ?”

ಅವನು ಟಿವಿಯ ಹಿಂದೆ ಬಗ್ಗಿ ನೋಡಿದ. ಆಮೇಲೆ ತಿರುಗಿ, ಬಾಗಿಲ ಬಳಿ ನಿಂತಿದ್ದ ಅಕ್ಕನನ್ನು ನೋಡಿದ. ಆ ದನಿಯಲ್ಲಿ ಅವಳು ಅವನಿಗೆ ಚಿಕ್ಕಂದಿನಲ್ಲಿ ಎಷ್ಟೋ ಕಥೆ ಹೇಳಿದ್ದಳು, ಗುರುತು ಹಿಡಿಯದೆ ಇರುತ್ತಾನೆಯೆ? ಎದ್ದು ಹೋಗಿ ಎರಡೂ ಕೈಯಿಂದ ಅವಳ ಬಾಯಿ ಮುಚ್ಚಿದ.

ಟಿವಿಯಲ್ಲಿ ಮಾತು ನಿಲ್ಲಲಿಲ್ಲ.

“ಬಾಯಿ ಮುಚ್ಚು ಅಕ್ಕ,” ಎಂದ. ಅವಳ ಬಾಯಿ ಮುಚ್ಚಿಯೇ ಇತ್ತು.

ನೆರೆಯವರು ತಮಾಷೆಯೆಂದು ನಕ್ಕರು. “ಎಷ್ಟು ಚೆನ್ನಾಗಿ ಮಾತಾಡ್ತೀಯಪ್ಪಾ ಟಿವಿಯಲ್ಲಿ!” ಎಂದು ಗುಮಾಸ್ತರು ಅವನ ಕೈ ಕುಲುಕಿದರು.

ಮಾರನೆಯ ದಿನದಿಂದ ಯಜಮಾನ ಮಾತು ಬಿಟ್ಟ. “ಅನ್ನ ಹಾಕ್ಲೇನೋ?” ಎಂದರೆ ಬೆರಳು ತೋರಿಸಿ, “ಅವಳನ್ನ ಕೇಳು,” ಎನ್ನುವನು. ಅವನ ಬಾಯಿಂದ ಬರುತ್ತಿದ್ದುದು ಅದೊಂದೇ ಮಾತು. “ಸ್ನಾನ ಆಯ್ತಾ?” ಎಂದರೂ ಅದೇ. ಅವರಪ್ಪ “ಬಸ್ಸಲ್ಲಿ ಒಂದು ಸುತ್ತು ಬರ್ತೀಯಾ?” ಎಂದು ಆಸೆ ತೋರಿಸಿದಾಗಲೂ ಅದೇ. ಬಸ್ಸೆಂದರೆ ಪ್ರಾಣ ಬಿಡುವವನು! ಶೂಟಿಂಗಿಗೆ ಮಾತ್ರ ತಪ್ಪದೆ ಹೋಗುತ್ತಿದ್ದ.

ಅಕ್ಕನಿಗೆ ಅತ್ತ ಹೊಗಳಿಕೆಯೋ ಹೊಗಳಿಕೆ. ಇಷ್ಟು ಸಹಜವಾಗಿ ಕೂರಿಸಿದವರಿಲ್ಲ ಎಂದು ಸ್ಟುಡಿಯೋದವರು ಕೇಕ್ ತರಿಸಿದರಂತೆ. ಆದರೆ ಬೀದಿ ಕೊನೆಯ ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ್ದು ತಮ್ಮನ ಮುಖ. ಮೂಲೆಯ ಅಂಗಡಿಯವನು ಅವಳಿಗೆ ಸೋಪು ಕೊಡುತ್ತ, “ನೀವು ಆ ನಟರ ಅಕ್ಕ ಅಲ್ವಾ? ನೀವೇನು ಮಾಡ್ಕೊಂಡಿದೀರಿ?” ಎಂದು ಕೇಳಿದ. ಅಂದು ಅವಳು ಸೋಪು ಅಲ್ಲೇ ಬಿಟ್ಟು ಬಂದಳು.

ಇನ್ನೊಂದು ದಿನ ಕೆಲಸದ ನಡುವೆಯೇ ಮನೆಗೆ ಬಂದಳು. ನಾನು ಸೊಪ್ಪು ಬಿಡಿಸುತ್ತಿದ್ದೆ. ಎದುರಿಗೆ ಕೂತು ತಾನೂ ಒಂದು ಕಟ್ಟು ಎಳೆದುಕೊಂಡಳು.

“ಅಜ್ಜಿ, ಅವನು ಮಾತಾಡ್ತಿಲ್ಲ.”

“ಅದೇನು ಹೊಸದಾ? ಮನೇಲಿ ನೋಡ್ತಿಲ್ವಾ?”

“ಶೂಟಿಂಗಲ್ಲೂ ಅಜ್ಜಿ. ಬರೀ ತುಟಿ ಆಡಿಸ್ತಾನೆ, ದನೀನೇ ಇಲ್ಲ. ಹೇಗೂ ಆಮೇಲೆ ಡಬ್ ಆಗುತ್ತಲ್ಲ ಅಂತ ಅವರೂ ಸುಮ್ಮನಿದಾರೆ. ಬರೆದಿರೋ ಮಾತು ಒಂದು, ಇವನ ತುಟಿ ಇನ್ನೊಂದು. ಸೌಂಡಿನವನು ತಲೆ ಕೆರ್ಕೋತಾನೆ. ನನಗೆ ಮಾತ್ರ ತಿಳಿಯುತ್ತೆ.”

“ಏನಂತಾನೆ?”

ಅವಳು ಎಲೆ ಬಿಟ್ಟು ದಂಟನ್ನು ಪಾತ್ರೆಗೆ ಹಾಕುತ್ತಿದ್ದಳು. “‘ಅಕ್ಕ, ನಂದು ಕೊಡು.’ ಅಷ್ಟೇ. ನಗೋ ಸೀನಲ್ಲೂ ಅದೇ, ಅಳೋ ಸೀನಲ್ಲೂ ಅದೇ. ಇಷ್ಟು ದೊಡ್ಡ ಪರದೆ ಅಜ್ಜಿ, ಇಷ್ಟು ದೊಡ್ಡ ತುಟಿ.”

“ನೀನೇನು ಮಾಡ್ದೆ?”

“ಅದರ ಮೇಲೆ ‘ಅಮ್ಮಾ, ನಿನ್ನ ಬಿಟ್ಟು ಎಲ್ಲಿಗೂ ಹೋಗಲ್ಲ’ ಅಂತ ಕೂರಿಸ್ದೆ.” ಇನ್ನೊಂದು ದಂಟು ಪಾತ್ರೆಗೆ ಬಿತ್ತು. “ಕೂತ್ಕೊಳ್ತು ಅಜ್ಜಿ. ಎಷ್ಟು ಚೆನ್ನಾಗಿ ಕೂತ್ಕೊಳ್ತು ಗೊತ್ತಾ!”

ಅವಳ ಮುಂದಿದ್ದ ಪಾತ್ರೆಯಿಂದ ದಂಟುಗಳನ್ನು ಆರಿಸಿ ತೆಗೆಯುವುದೇ ನನಗೊಂದು ಕೆಲಸವಾಯಿತು.

ಆ ವಾರದ ಕೊನೆಗೆ ಆ ಅಮ್ಮ ನಮ್ಮ ಮನೆಗೇ ಬಂದರು. ಎತ್ತರದ ಹೆಂಗಸು, ನೆರೆತ ಕೂದಲು, ಕೈಯಲ್ಲಿ ತಮ್ಮದೇ ನೀರಿನ ಬಾಟಲಿ. ಸೊಸೆ ಒಳ್ಳೆಯ ಬಟ್ಟಲಲ್ಲಿ ಚಹಾ ಕೊಟ್ಟಳು, ಸಕ್ಕರೆಯನ್ನು ಮಾತ್ರ ಕೇಳದೆ ಹಾಕಿದಳು.

“ನೋಡಿಮ್ಮ, ಎದುರಿಗೆ ನಿಂತವನು ಮಾತಾಡದೆ ಇದ್ರೆ ನಾನು ಯಾರಿಗೆ ಉತ್ತರ ಕೊಡ್ಲಿ?” ಎಂದರು ಅವರು. “ಮೊದಲು ಎಷ್ಟು ಚೆನ್ನಾಗಿ ಮಾತಾಡ್ತಿದ್ದ! ನಿರ್ದೇಶಕರು ಅವನ ದನೀನೇ ಇಟ್ಕೋಬೇಕು ಅಂತಿದ್ರು. ಅಂಗಿಯೊಳಗೆ ಮೈಕ್ ಕೂಡ ಸಿಕ್ಕಿಸಿದ್ರು.”

“ಅವರೇ ಬೇಡ ಅಂದ್ರಂತಲ್ಲ?” ಎಂದಳು ಸೊಸೆ.

“ಅವರೆಲ್ಲಿ ಅಂದ್ರು? ‘ಮನೆಯವರಿಗೆ ಬಿಟ್ರೆ ಯಾರಿಗೂ ಅರ್ಥ ಆಗಲ್ಲ, ಜನ ನಗ್ತಾರೆ’ ಅಂತ ಅವನ ಅಕ್ಕಾನೇ ಅಂದ್ಲು. ಮನೆಯವರೇ ಹೇಳಿದ ಮೇಲೆ ಅವರಾದ್ರೂ ಏನು ಮಾಡ್ತಾರೆ?”

ಮೊಮ್ಮಗಳು ಒಗೆದ ಬಟ್ಟೆ ಮಡಚುತ್ತ ಅಲ್ಲೇ ನಿಂತಿದ್ದಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು. ಬಂದವರು ಚಹಾ ಮುಗಿಸಿ ಹೋದರು.

ಬಾಗಿಲು ಹಾಕಿದ ಮೇಲೆ ಸೊಸೆ ಕೇಳಿದಳು, “ಹೊಟ್ಟೆಕಿಚ್ಚು ಪಡೋಕೆ ನಿನಗೆ ಬೇರೆ ಯಾರೂ ಸಿಗಲಿಲ್ವೇನೇ?”

“ಬೇರೆಯವರ ಮೇಲೆ ಪಟ್ಟೂ ಪಟ್ಟೂ ಸುಸ್ತಾಗಿ ಮನೆಗೆ ಬಂದಿದೀನಮ್ಮ. ನಾನು ಮಾತಾಡ್ತೀನಿ, ಬಹುಮಾನ ಅವರು ತಗೋತಾರೆ. ಒಂದು ಸಲ ಅದೇ ನಿರ್ದೇಶಕರ ಹತ್ರ ಒಂದು ಚಿಕ್ಕ ಪಾತ್ರ ಕೊಡಿ ಅಂದೆ. ‘ನಿಮ್ಮ ದನಿಗೆ ನಿಮ್ಮ ಮುಖ ಹೊಂದಲ್ಲ’ ಅಂದ್ರು. ನಕ್ಕೊಂಡೇ ಅಂದ್ರು. ನಾನೂ ನಕ್ಕೆ.”

“ಅದಕ್ಕೆ ಇವನ ಬಾಯಿಗೆ ಕೈ ಹಾಕಿದ್ಯಾ?”

“ಇವನಿಗೆ ಎಲ್ಲಾ ಇದೆಯಲ್ಲ! ಬಿಸಿನೀರು ಇವನಿಗೆ, ಮೊಟ್ಟೆ ಇವನಿಗೆ, ಗೋಡೆ ಮೇಲೆ ಮುಖ ಇವನದು. ದನಿ ಒಂದಾದ್ರೂ ನಂದಿರ್ಲಿ ಅಂದ್ಕೊಂಡೆ.”

“ಮೊಟ್ಟೆ ಬೇಕಿದ್ರೆ ಬಾಯಿಬಿಟ್ಟು ಕೇಳ್ಬೇಕಿತ್ತು!”

“ಕೇಳಿ ತಿನ್ನೋಕೆ ನಾನು ನೆಂಟಳಾ?”

ನನ್ನ ಮಗ ಇಬ್ಬರ ನಡುವೆ ಬಂದು, “ಸಾಕು ಸಾಕು, ಕೆಳಗಿನ ಮನೆಯವರಿಗೆ ಕೇಳುತ್ತೆ,” ಎಂದ.

“ಕೇಳ್ಲಿ ಬಿಡಿ,” ಎಂದಳು ಸೊಸೆ. “ಈ ಮನೇಲಿ ಕೇಳಿಸೋ ಹಾಗೆ ಮಾತಾಡೋರು ನಾವಿಬ್ಬರೇ ಉಳಿದಿರೋದು.”

ಯಜಮಾನ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಅಕ್ಕನ ಹತ್ತಿರ ಬಂದು ಅಂಗೈ ಚಾಚಿದ, ಚಿಲ್ಲರೆ ಕೇಳುವವನ ಹಾಗೆ. “ಕೊಡು.”

“ನಾಳೆ ಹೇಳ್ತೀನಿ ಅವರಿಗೆ,” ಎಂದಳು ಅವಳು. ಅವನ ಕೈ ಮಾತ್ರ ಹಾಗೆಯೇ ಇತ್ತು. ಕೊನೆಗೆ ಸೊಸೆಯೇ ಅದನ್ನು ಹಿಡಿದು ಕೆಳಗಿಳಿಸಿದಳು.

ಹೇಳಿದಳು, ಅದರಲ್ಲಿ ಸುಳ್ಳಿಲ್ಲ. ಆದರೆ ನಿರ್ದೇಶಕರು ಒಪ್ಪಲಿಲ್ಲ. ಜನ ಆ ದನಿಗೆ ಒಗ್ಗಿ ಹೋಗಿದ್ದಾರೆ, ಈಗ ಬದಲಾಯಿಸಿದರೆ ಚಾನೆಲ್ಲಿನವರು ಬಿಡುವುದಿಲ್ಲ ಎಂದರಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಇದನ್ನು ತಮ್ಮನ ಎದುರೇ ಕೂತು, ನಿಧಾನವಾಗಿ, ಎರಡೆರಡು ಸಲ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ. ಮರುದಿನ ಗಾಡಿ ಬಂದು ಹಾರ್ನ್ ಹೊಡೆದಾಗ ಹಾಸಿಗೆ ಬಿಟ್ಟು ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ.

ವಿಚಾರಿಸಲು ಆ ಅಮ್ಮನೇ ಮತ್ತೆ ಬಂದರು. ಅವರಿಗೆ ಸ್ವಂತ ನಾಟಕ ತಂಡವಿತ್ತು. ಧಾರಾವಾಹಿಯಲ್ಲಿ ತಮ್ಮ ಪಾತ್ರ ಮುಗಿಯುತ್ತಿದೆ, ಬೇಸಗೆ ಪೂರ್ತಿ ಊರೂರು ಸುತ್ತುವವರಿದ್ದೇವೆ, ಇವನಿಗೂ ಒಂದು ಪಾತ್ರವಿದೆ ಎಂದರು. “ಅಲ್ಲಿ ಡಬ್ಬಿಂಗ್ ಇಲ್ಲ. ಅವನ ಮಾತನ್ನ ಅವನೇ ಆಡ್ಬೇಕು. ಕೊನೇ ಸಾಲಿನವರೆಗೂ ಕೇಳಿಸ್ಬೇಕು.”

“ಒಂದು ರಾತ್ರೀನೂ ಹೊರಗೆ ಮಲಗಿದವನಲ್ಲ,” ಎಂದಳು ಸೊಸೆ. “ನೀವೇನೋ ಅವನಿಗೆ ಟಿವಿಯಲ್ಲಿ ಅಮ್ಮ. ಜ್ವರ ಬಂದ್ರೆ?”

“ಮಾತ್ರೆ ಕೊಡ್ತೀನಿ.”

“ಅವನ ಮಾತು ಕೊನೇ ಸಾಲಿಗೆ ತಿಳಿಯುತ್ತಾ?” ಎಂದ ನನ್ನ ಮಗ, ಮಗಳ ಕಡೆ ನೋಡದೆ.

ಆ ಅಮ್ಮ ಎದ್ದು ಯಜಮಾನನನ್ನು ಮಹಡಿಯ ಕಟಕಟೆಗೆ ಕರೆದುಕೊಂಡು ಹೋದರು. ನಾವೂ ಹಿಂದೆ ಹೋದೆವು. “ನಾಟಕದಲ್ಲಿ ನಿನ್ನ ಮೊದಲ ಮಾತು ಇದು,” ಎಂದು ಅವನ ಕಿವಿಯಲ್ಲಿ ಹೇಳಿದರು. ಅವನು ಅಂಗಿಯ ಗುಂಡಿ ಹಾಕಿಕೊಂಡ. ಎದೆ ತುಂಬ ಉಸಿರೆಳೆದ. ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ದನಿಯೆಲ್ಲ ಒಟ್ಟಿಗೆ ಹೊರಬಂತು.

“ಬಾಗಿಲು ತೆಗೀರಿ! ನಾನು ಬಂದಿದೀನಿ!”

ಎದುರುಮನೆಯ ಬಾಗಿಲು ದಡಾರನೆ ತೆರೆಯಿತು. ಗುಮಾಸ್ತರು ಬನಿಯನ್ನಿನಲ್ಲೇ ಹೊರಗೆ ಬಂದು, ಒಂದು ಕೆನ್ನೆಗೆ ಸೋಪಿನ ನೊರೆ ಹಚ್ಚಿಕೊಂಡು, “ಯಾರ್ರೀ ಅದು? ಬಂದೆ ಬಂದೆ, ಬಾಗಿಲು ಒಡೀಬೇಡಿ!” ಎಂದರು. ಕೆಳಗೆ ತರಕಾರಿ ಗಾಡಿಯವನೂ ತಲೆಯೆತ್ತಿ, “ಅವರು ಮೇಲೆ ನಿಂತಿದಾರೆ ನೋಡಿ!” ಎಂದು ತೋರಿಸಿದ.

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯಜಮಾನ ನಗಲಿಲ್ಲ. “ತಿಳೀತು,” ಎಂದ ಅಪ್ಪನಿಗೆ. ಮೊಮ್ಮಗಳು ಒಳಗೆ ಹೋಗಿ ಉಪ್ಪುನೀರು ಬಿಸಿ ಮಾಡಿ ಬಾಯಿ ಮುಕ್ಕಳಿಸಿದಳು. ಅಂದು ಅವಳಿಗೆ ರೆಕಾರ್ಡಿಂಗ್ ಇರಲಿಲ್ಲ.

ಸೊಸೆ ಒಪ್ಪಲು ಮತ್ತೂ ಕೆಲವು ದಿನ ಹಿಡಿಯಿತು. ಅವನ ಎಲ್ಲ ಅಂಗಿಗಳ ಗುಂಡಿಯನ್ನೂ ಬಿಗಿ ಮಾಡಿ ಹೊಲಿದಳು, ಹೊಲಿದಿದ್ದನ್ನೇ ಮತ್ತೆ ಹೊಲಿದಳು. “ಆ ಅಮ್ಮನಿಗೆ ಹೇಳು, ನಿನಗೆ ಉಪ್ಪು ಹಾಕಿ ಕೊಡ್ಬೇಕು ಅಂತ,” ಎಂದಳು. “ನಾನೇ ಹಾಕ್ಕೋತೀನಿ,” ಎಂದ. ಅವನಿಗೆ ಮಾತು ಮರಳಿತ್ತು, ಈಗ ನಿಲ್ಲಿಸುವುದೇ ಕಷ್ಟವಾಗಿತ್ತು. ಅಕ್ಕನೊಬ್ಬಳ ಹತ್ತಿರ ಮಾತ್ರ ಆಡುತ್ತಿರಲಿಲ್ಲ.

ಧಾರಾವಾಹಿಯವರು ತಲೆ ಕೆಡಿಸಿಕೊಳ್ಳಲಿಲ್ಲ. ಕಥೆಯ ತಮ್ಮ ದೂರದ ಊರಿಗೆ ಕೆಲಸ ಕಲಿಯಲು ಹೋದನೆಂದು ಬರೆದರು. ಅಲ್ಲಿಂದ ಆಗಾಗ ಫೋನ್ ಮಾಡುತ್ತಾನೆ. ಮುಖ ಬೇಡ, ದನಿ ಸಾಕು. ದನಿ ಹೇಗೂ ಇತ್ತಲ್ಲ.

ಹೊರಡುವ ಬೆಳಿಗ್ಗೆ ತಂಡದ ವ್ಯಾನು ಬೀದಿಯಲ್ಲಿ ನಿಂತಿತು. ಮೊದಲ ಬಿಸಿನೀರನ್ನು ಅಕ್ಕ ತಾನೇ ಕಾಯಿಸಿ ಅವನಿಗೆ ಕೊಟ್ಟಳು. ಬ್ಯಾಗು ಹೊತ್ತು ಮೆಟ್ಟಿಲಿಳಿದಳು. ಅವನು ಅಪ್ಪನ ಕೈ ಕುಲುಕಿದ, ಅಮ್ಮನ ಕೆನ್ನೆ ಒರೆಸಿದ, ನನಗೆ “ನಲ್ಲಿ ನೋಡ್ಕೋ ಅಜ್ಜಿ,” ಎಂದ. ವ್ಯಾನಿನ ಕಿಟಕಿಯಲ್ಲಿ ಕೂತ ಮೇಲೆ ಬೆರಳು ಮಡಿಸಿ ಅಕ್ಕನನ್ನು ಹತ್ತಿರ ಕರೆದ.

“ನಾಟಕ ನೋಡೋಕೆ ಬಾ ಅಕ್ಕ,” ಎಂದ. “ಮುಂದೆ ಕೂತ್ಕೋ. ಮಾತಾಡ್ಬೇಡ.”

ಅವಳು ತಲೆಯಾಡಿಸಿದಳು. ಬಾಯಿ ತೆರೆಯಲಿಲ್ಲ.

ವ್ಯಾನು ಹೋದ ಮೇಲೆ ನೇರ ಸ್ಟುಡಿಯೋಗೆ ನಡೆದಳು. ಅಂದು ಅವಳಿಗೆ ಫೋನಿನ ದೃಶ್ಯವಿತ್ತು. ಅದು ಸಂಜೆ ಟಿವಿಯಲ್ಲಿ ಬಂದಾಗ ನಾನು, ಸೊಸೆ ಅನ್ನ ಬಡಿಸಿಕೊಂಡು ಕೂತಿದ್ದೆವು. ಕಥೆಯ ಅಣ್ಣ ಫೋನು ಕಿವಿಗಿಟ್ಟುಕೊಂಡ. ಆ ತೆಳುವಾದ, ನಯವಾದ ದನಿ, “ನಾನು ಚೆನ್ನಾಗಿದೀನಿ ಅಣ್ಣಾ,” ಎಂದಿತು. ಪರದೆಯ ಮೇಲೆ ಅಣ್ಣನ ಮುಖವಿತ್ತು, ಫೋನಿತ್ತು, ಇನ್ಯಾರೂ ಇರಲಿಲ್ಲ. ಸೊಸೆ ಎದ್ದು ಹೋಗಿ ಟಿವಿ ಆರಿಸಿದಳು.